ಬಳೆಯ ಮೇಲಿನ ವಿಳಾಸ

ಮಿದುಳನ್ನು ಕಾಯುವ ರೋಗನಿರೋಧಕ ಜೀನು ದುರ್ಬಲವೆಂದು ರಕ್ತಪರೀಕ್ಷೆಯಲ್ಲಿ ಬಂದವರೆಲ್ಲ, ಐವತ್ತು ತುಂಬಿದ ವಾರವೇ ಮನೆ ವಿಳಾಸ ಕೆತ್ತಿದ ಸ್ಟೀಲ್ ಬಳೆ ತೊಡಬೇಕೆಂದು ಸರ್ಕಾರದ ಕಾನೂನು. ಮುಂದೆಂದಾದರೂ ಮರೆವಿನ ಕಾಯಿಲೆ ಬಂದು ದಾರಿ ತಪ್ಪಿದರೆ ಯಾರಾದರೂ ಮನೆ ಮುಟ್ಟಿಸಲಿ ಎಂದು. ಗದಗಿನಲ್ಲಿ ಆ ಕೆಲಸ, ಪಾತ್ರೆಗಳ ಮೇಲೆ ಹೆಸರು ಹಾಕುವ ಚಮನಸಾಬನದು.

ಶಾಲೆಯಲ್ಲಿ ಬಿಸಿಯೂಟ ಮಾಡುವ ಗುರುಬಸವ್ವ ತನ್ನ ಹೊಸ ಬಳೆಯನ್ನು ಅವನ ಮುಂದಿಟ್ಟಳು.

“ಅಡ್ರೆಸ್ ಹೇಳ್ರಿ ಅಕ್ಕಾರ,” ಎಂದ ಚಮನಸಾಬ, ಮಷಿನ್ ಚಾಲೂ ಮಾಡುತ್ತ.

“ಎದಕ್ಕ? ನಾ ಏನ್ ಮದವಿ ಮನಿಗೆ ಕೊಟ್ಟ ಬೋಗಾಣಿ ಏನ್ರಿ, ಹೆಸರು ನೋಡಿ ವಾಪಸ್ ತಂದು ಕೊಡಾಕ? ಇವತ್ತ ಮುನ್ನೂರು ಹುಡುಗರಿಗೆ ಸಾರು ಮಾಡೀನಿ, ಉಪ್ಪು ಮರ್ತಿಲ್ಲ. ಯಾರ್ಯಾರು ಬದನಿಕಾಯಿ ತಿನ್ನಂಗಿಲ್ಲ ಅನ್ನೋದೂ ಮರ್ತಿಲ್ಲ. ‘ಇನ್ನೂ ಮರ್ತಿಲ್ಲ’ ಅಂತ ಹಾಕ್ರಿ.”

“ದಂಡ ಹಾಕ್ತಾರ್ರೀ.”

“ಹಾಕ್ಲಿ. ಹಾಕಿದವರ ಹೆಸರೂ ನೆನಪಿಟ್ಕೋತೀನಿ.”

ಚಮನಸಾಬ ನಗಲಿಲ್ಲ. ಅಂಗಿಯ ತೋಳು ಮಡಿಚಿ, ಮೂರು ವರ್ಷದಿಂದ ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಿದ್ದ ತನ್ನ ಬಳೆಯನ್ನು ಕಳಚಿದ. ಅದನ್ನು ಮಷಿನ್ನಿನ ಸೂಜಿಗೆ ಒಡ್ಡಿ, ವಿಳಾಸದ ಮೇಲೆಯೇ ದಪ್ಪ ಅಕ್ಷರದಲ್ಲಿ ಆ ಎರಡು ಪದ ಕೆತ್ತಿದ.

ಆಮೇಲೆ, “ಈಗ ನಿಮ್ದು ಕೊಡ್ರಿ,” ಎಂದ.