ಏಳು ಮಾತ್ರೆಯ ಹಾಡು

ಶಂಕ್ರಪ್ಪನ ಕ್ಷೌರದ ಕತ್ತಿ ಗಂಟಲ ಮೇಲಿದ್ದುದರಿಂದ ಗುತ್ತೆಪ್ಪ ಅಲುಗಾಡುವಂತಿರಲಿಲ್ಲ. ಬೆಂಚಿನ ಮೇಲೆ ಕೂತ ನಾಗಪ್ಪ ಎಲ್ಲರಿಗೂ ಕೇಳುವಂತೆ ಪೇಪರಿನ ಸಂಗೀತದ ಅಂಕಣ ಓದುತ್ತಿದ್ದ. ವಿಲಾಯತಿ ರಾಕ್ ಸಂಗೀತದ ಬಗ್ಗೆ ಹೀಗೆ ಕನ್ನಡದಲ್ಲಿ ಬರೆಯುವವನು ತನ್ನ ಮಗ ಹಾಲೇಶನೇ ಎಂದು ಗುತ್ತೆಪ್ಪನಿಗೆ ಗೊತ್ತಿತ್ತು. ಆದರೆ ಅದನ್ನು ಹೇಳಲು ನಾಚಿ, ಯಲವಿಗಿ ಊರಿಗೆಲ್ಲ ಮಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಗುಮಾಸ್ತ ಎಂದು ಹೇಳಿಕೊಂಡಿದ್ದ.

“ರೆಕಾರ್ಡಿನ ಒಂದ ಮಗ್ಗಲಾ ಪೂರಾ ಒಂದ ಹಾಡಂತ!” ನಾಗಪ್ಪ ನಕ್ಕ.

“ಆ ಮಂದಿಗೆ ಹೊಲಾ ಮನಿ ಇಲ್ಲೇನೋ?” ಎಂದ ಶಂಕ್ರಪ್ಪ.

ನಾಗಪ್ಪ ಮುಂದೆ ಓದಿದ: ‘ಈ ಹಾಡಿನ ನಡೆ ನನಗೆ ಸಿಗಲಿಲ್ಲ. ಭಜನೆಗೆ ತಬಲಾ ಬಾರಿಸುವ ನಮ್ಮಪ್ಪ, ಯಲವಿಗಿಯ ಗುತ್ತೆಪ್ಪ, ಮೊದಲು ನನ್ನನ್ನು ಬೈದರು. ಆಮೇಲೆ ಹಿಟ್ಟಿನ ಡಬ್ಬಿಯ ಮೇಲೆ ಏಳು ಮಾತ್ರೆಯ ತಾಳ ಬಾರಿಸಿ ತೋರಿಸಿದರು.’

ಗುತ್ತೆಪ್ಪ ಶಂಕ್ರಪ್ಪನ ಮಣಿಕಟ್ಟು ಹಿಡಿದು ಕತ್ತಿಯನ್ನು ಪಕ್ಕಕ್ಕೆ ಸರಿಸಿದ. ಅರ್ಧ ಗಲ್ಲದ ಮೇಲೆ ನೊರೆ ಹಾಗೇ ಇತ್ತು.

“ಗುತ್ತೆಪ್ಪಣ್ಣ, ನಿನ್ನ ಹೆಸರು ಪೇಪರಿನ್ಯಾಗ ಬಂದೈತಲ್ಲೋ! ಮತ್ತ ಮಗ ಬ್ಯಾಂಕಿನ್ಯಾಗ ಅದಾನ ಅಂದಿದ್ದಿ?” ಎಂದು ಕೇಳಿದ ನಾಗಪ್ಪ.

“ಅದು ಸುಳ್ಳು ಹೇಳಿದ್ದೆ. ನನ್ನ ಹೆಸರು ಇರಲಿ ಬಿಡು ನಾಗಪ್ಪಾ,” ಎಂದ ಗುತ್ತೆಪ್ಪ. “ಬರದಾಂವನ ಹೆಸರು ಓದು. ಜೋರಲೆ ಓದು.”