ಕವುದಿಯ ಹೊಟ್ಟೆ

ಕತ್ತರಿಯ ತುದಿಯನ್ನು ಕವುದಿಯ ಮೂಲೆಯ ಹೊಲಿಗೆಗೆ ತೂರಿಸಿದ ಶಾಲಿನಿ, ಮುಂದಕ್ಕೆ ಕೈ ಬಾರದೆ ಹಾಗೇ ಕುಳಿತಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿಟ್ಟು ಅದನ್ನು ಹೊಲಿದವರು ಅತ್ತೆ. ಜಪಾನಿನ ಹಮಾಮತ್ಸುವಿನ ಚಳಿಗೆ ಬೇಕಾಗುತ್ತದೆಂದು ತಾವೇ ಮಡಿಚಿ ಕೊಟ್ಟಿದ್ದರು. ಆ ಮೂಲೆಯಲ್ಲಿ ಮಾತ್ರ ಏನೋ ಗಟ್ಟಿಯಾದದ್ದು ಬೆರಳಿಗೆ ಸಿಗುತ್ತಿತ್ತು.

ಆರಕ್ಕೆ ತರಗತಿ. ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ಕಲೆ, ಸಂಸ್ಕೃತಿ ಓದಲು ಅವಳಿಗೆ ಸೀಟು ಸಿಕ್ಕ ವರ್ಷವೇ ಕೊರೋನಾ ಬಂದು, ಅವಳು ಹೋಗುವ ಬದಲು ಪಾಠವೇ ಲ್ಯಾಪ್‌ಟಾಪಿನೊಳಗೆ ಮನೆಗೆ ಬಂದಿತ್ತು. ಮ್ಯೂಸಿಯಂಗಳು ಬಾಗಿಲು ಹಾಕಿದ್ದವು. ಮನೆಯ ಹಳೆಯ ವಸ್ತು ಒಂದನ್ನೇ ಪರೀಕ್ಷಿಸಿ ಬನ್ನಿ ಎಂದಿದ್ದರು ಪ್ರೊಫೆಸರ್ ಹೆಲೆನ್. ಮೂಲೆಯ ವಿಷಯ ಕೇಳಿದಾಗ, "ಒಳಗೇನಿದೆಯೆಂದು ತಿಳಿಯದಿದ್ದರೆ ಅರ್ಧ ಓದಿದ ಹಾಗೆ," ಎಂದೂ ಸೇರಿಸಿದ್ದರು. ಇವತ್ತು ಅವಳ ಸರದಿ. ಈ ಸಲದ ಅಂಕಗಳೆಲ್ಲ ಇದಕ್ಕೇ.

"ಅವ್ವನ್ನ ಕೇಳದ ಕತ್ರಿ ಹಚ್ಚಬ್ಯಾಡ," ಎಂದ ಗಂಡ ಶ್ರೀನಾಥ, ಕೋಣೆಯ ಆಚೆ ತುದಿಯ ಮೇಜಿನಿಂದ.

"ನೀವ ಕೇಳ್ರಿ ಮತ್ತ."

"ನನಗ ಮೀಟಿಂಗ್ ಐತಿ." ಅವನು ಹೆಡ್‌ಫೋನ್ ಏರಿಸಿಕೊಂಡ.

ಶಾಲಿನಿ ಫೋನು ಹಚ್ಚಿದಳು. ಪರದೆಯ ತುಂಬ ಅತ್ತೆಯ ಹಣೆ, ಕುಂಕುಮ.

"ಏನವಾ, ಕೈಯಾಗ ಕತ್ರಿ? ನಾ ಹೊಲದದ್ದು ಹರದಿ ಏನು?"

"ಇನ್ನೂ ಇಲ್ರೀ ಅತ್ತಿ. ಮೂಲ್ಯಾಗ ಏನೈತಿ ಅಂತ ಕಾಲೇಜಿನವರು ಕೇಳ್ಯಾರ."

ಶಾಲಿನಿ ಮೆಲ್ಲಗೆ ಕತ್ತರಿ ಕೆಳಗಿಟ್ಟಳು.

"ಇಂಗ್ಲೆಂಡಿನ್ಯಾಗ ಕವುದಿ ಓದಸ್ತಾರ? ನನ್ನ ಹಂತ್ಯಾಕ ಕುಂತಿದ್ರ ನಾನ ಹೇಳಿಕೊಡ್ತಿದ್ನೆಲ್ಲ." ಹಣೆ ಸರಿದು ನಗುವ ಬಾಯಿ ಕಾಣಿಸಿತು. "ಬಿಚ್ಚು. ದಾರ ಅಷ್ಟ ಕತ್ತರಸು, ಬಟ್ಟಿಗೆ ತಾಗಸಬ್ಯಾಡ. ಅಲ್ಲಿರೂದು ಕವುದಿ ಊಟ. ಕಡೀ ಮೂಲಿ ಹೊಲಿಯೂ ಮುಂದ ಅದರ ಹೊಟ್ಟಿ ತುಂಬಸ್ತೀವಿ. ಹಸದ ಕವುದಿ ಹೊಚಗೊಂಡವ್ರಿಗೆ ನಿದ್ದಿ ಹತ್ತೂದಿಲ್ಲ. ನೋಡೂದು ಮುಗದ ಮ್ಯಾಲ ಖಾಲಿ ಹೊಟ್ಟೀಲೆ ಹೊಲೀಬ್ಯಾಡ ಮತ್ತ."

ದಾರ ಒಂದೊಂದೇ ಬಿಟ್ಟಿತು. ಒಳಗೆ ಸಣ್ಣ ಗಂಟು. ಗಂಟಿನಲ್ಲಿ ಚಕ್ಕೆಯಂತೆ ಒಣಗಿದ ರೊಟ್ಟಿಯ ಚೂರು, ತೂತು ಬಿದ್ದ ಜೋಳದ ಕಾಳು. ಮುಟ್ಟಿದರೆ ಹಿಟ್ಟು ಉದುರುತ್ತಿತ್ತು.

"ಹುಳ ತಿಂದಾವ್ರೀ."

"ತಿನ್ನಲಿ. ಅವಕ್ಕೂ ಹೊಟ್ಟಿ ಐತಿ. ಹೊಸಾ ಜ್ವಾಳ ಹಾಕು."

"ಇಲ್ಲಿ ಜ್ವಾಳ ಎಲ್ಲಿಂದ ತರಲ್ರೀ?"

"ಅಲ್ಲಿ ಮಂದಿ ಏನ್ ಉಣ್ತಾರ?"

"ಅನ್ನ."

"ಹಂಗಂದ್ರ ಅಕ್ಕಿ ಹಾಕು. ಅದೂ ಈಗ ಅಲ್ಲೇ ಅಲ್ಲ, ಇರೂದು?"

ಶಾಲಿನಿ ತಲೆ ಎತ್ತಿದಳು. ಮೀಟಿಂಗಿನಲ್ಲಿದ್ದ ಶ್ರೀನಾಥ, ಹೆಡ್‌ಫೋನು ಕಿವಿಯ ಮೇಲಿದ್ದ ಹಾಗೇ, ಯಾರೂ ಕರೆಯದಿದ್ದರೂ ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಜಪಾನಿ ಅಕ್ಕಿ ತಂದು ನಿಂತಿದ್ದ.

ತರಗತಿ ಶುರುವಾದಾಗ ಅವಳಿನ್ನೂ ಸೂಜಿಯ ದಾರ ಕಡಿಯುತ್ತಿದ್ದಳು. ಹಳೆಯ ಕಾಳುಗಳನ್ನು ತಟ್ಟೆಯಲ್ಲಿಟ್ಟು ಕ್ಯಾಮೆರಾಕ್ಕೆ ತೋರಿಸಿದಳು. ಅತ್ತೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ತೊದಲುತ್ತಲೇ ಹೇಳಿದಳು. ಪರದೆಯ ಪುಟ್ಟ ಪುಟ್ಟ ಚೌಕಗಳಲ್ಲಿ ಮುಖಗಳು ಮುಂದಕ್ಕೆ ಬಾಗಿದವು.

"ಇದರ ಕಾಲ?" ಹೆಲೆನ್ ಕೇಳಿದರು.

"ಶುರುವಾದದ್ದು ನನ್ನ ಗಂಡ ಹುಟ್ಟಿದ ವರ್ಷ. ಮುಗಿದದ್ದು ಈಗ, ನೀವು ಬರುವ ಹೊತ್ತಿಗೆ."

"ಕೊನೆಯ ಪ್ರಶ್ನೆ. ವಸ್ತುವಿನ ಸ್ಥಿತಿ?"

ಅಂಚು ಸವೆದಿದೆ, ಕೆಂಪು ಮಾಸಿದೆ, ಅಲ್ಲಲ್ಲಿ ತೇಪೆ ಬಿಟ್ಟಿದೆ ಎನ್ನಬೇಕೆಂದು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಂಡಿದ್ದಳು. ಶಾಲಿನಿ ಮೂಲೆಯ ಹೊಸ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಕ್ಕಿ ಒಳಗೆ ಮೆಲ್ಲಗೆ ಜರುಗಿತು.

"ಹೊಟ್ಟೆ ತುಂಬಿದೆ," ಎಂದಳು.