ಹೆಬ್ಬೆರಳಿನ ಗುರುತು

ಅಕ್ಕನ ಅಸ್ಥಿ ಪಡೆಯಲು ಚಿತಾಗಾರದ ಕಚೇರಿಯಲ್ಲಿ ಕಣ್ಣೀರು ಕೊಡಬೇಕಿತ್ತು. ಅದಕ್ಕೆ ಔಷಧಿ ಹನಿಸಿದರೆ ದುಃಖವಿದ್ದಷ್ಟೂ ನೀಲಿಯಾಗುತ್ತದೆ; ನೀಲಿ ಗಾಢವಾದಷ್ಟೂ ಅದನ್ನು ದಾಟುವ ಬೆಳಕು ಕಡಿಮೆ. ಬೆಳಕು ಹೆಚ್ಚು ದಾಟಿದವರಿಗೆ ಅಸ್ಥಿ ಕೊಡುವುದಿಲ್ಲ. ನನ್ನದರಲ್ಲಿ ಸರಾಗವಾಗಿ ದಾಟಿತು.

"ಹನ್ನೊಂದು ವರ್ಷದಿಂದ ಮಾತಾಡಿರಲಿಲ್ಲ ಕಣಮ್ಮ," ಎಂದೆ. ಸಾಲಿನಲ್ಲಿ ಹಿಂದಿದ್ದವರಿಗೂ ಕೇಳಿಸಿತು.

"ಅಷ್ಟಕ್ಕೇ ಅಕ್ಕ ಅಲ್ದೆ ಹೋಗ್ತಾರಾ? ಇರಿ ಅಜ್ಜಿ, ಇನ್ನೊಂದ್ಸಲ ನೋಡೋಣ," ಎಂದಳು ಗುಮಾಸ್ತೆ ತುಂಗಾ. ಎಣ್ಣೆ ಹಚ್ಚಿದ ಜಡೆ ಸವರಿಕೊಂಡ ಹೆಬ್ಬೆರಳನ್ನು ನನ್ನ ಕಣ್ಣೀರಿದ್ದ ಗಾಜಿನ ಕೊಳವೆಗೆ, ಬೆಳಕು ಹಾಯುವ ಬದಿಗೇ ಒತ್ತಿ, ಒರೆಸದೆ ಬೆಳಕು ಅಳೆಯುವ ಯಂತ್ರದೊಳಗಿಟ್ಟಳು. ಬೆಳಕು ಕುಗ್ಗಿತು. "ನೋಡಿ, ಸಾಕಾಯ್ತು."

ಮೂವತ್ತು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ, ಗಾಜಿನ ಮೇಲೆ ಬೆರಳಚ್ಚು ಬಿಟ್ಟ ಮಕ್ಕಳ ಅಂಕ ಕಳೆದವಳು ನಾನು. ತಲೆ ತಗ್ಗಿಸಿ ಅಕ್ಕನ ಕುಡಿಕೆ ತೆಗೆದುಕೊಂಡೆ.